ರಿಕಿ ಸ್ಕ್ಯಾಗ್ಸ್ ಬ್ಲೂಗ್ರಾಸ್ ಬಿಟ್ಟು ಹೋಗಿದ್ದು ನಿಜವಾ?

ಹಳೇ ಟ್ರಾನ್ಸಿಸ್ಟರ್:
ಒಂದು ವಾರದಿಂದ ರಿಕಿ ಸ್ಕ್ಯಾಗ್ಸ್ ಒಬ್ಬರನ್ನೇ ಕೇಳುತ್ತಿದ್ದೇನೆ. ಗಂಟಲು ಬಂಗಾರ, ಮ್ಯಾಂಡೊಲಿನ್ ಮೇಲಿನ ಕೈಯೂ ಹಾಗೇ. ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಅವರ ಬಗ್ಗೆ ಎಲ್ಲರೂ ಹೇಳುವ ಕಥೆ ಮೇಲೆ. 1954ರಲ್ಲಿ ಕೆಂಟಕಿಯ ಬೆಟ್ಟದ ಸೀಮೆಯಲ್ಲಿ ಹುಟ್ಟಿದ ಹುಡುಗ, ಬ್ಲೂಗ್ರಾಸ್‌ನಲ್ಲೇ ಬೆಳೆದ, ನ್ಯಾಶ್‌ವಿಲ್‌ನಲ್ಲಿ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಜನಪ್ರಿಯ ಸಂಗೀತ) ಸ್ಟಾರ್ ಆದ, ಕೊನೆಗೆ ಎಲ್ಲ ಬಿಟ್ಟು ಹಳೇ ಸಂಗೀತಕ್ಕೆ ವಾಪಸ್ ಬಂದ ಅಂತ.

ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲ ನಂಬರ್ ಒನ್ ಹಾಡು 1982ರಲ್ಲಿ. ಕೊನೆಯದು 1989ರಲ್ಲಿ. ಆಮೇಲೆ ಗಾರ್ತ್ ಬ್ರೂಕ್ಸ್ ಥರದ ಹೊಸ ಕಂಟ್ರಿ ಗಾಯಕರ ಕಾಲ ಬಂತು, ರೇಡಿಯೋದವರು ಇವರನ್ನು ಹಾಕೋದು ಕಡಿಮೆ ಮಾಡಿದರು. 1997ರಲ್ಲಿ 'ಬ್ಲೂಗ್ರಾಸ್ ರೂಲ್ಸ್!' ಆಲ್ಬಂ. ಪೇಟೆಯಲ್ಲಿ ವ್ಯಾಪಾರ ಬಿದ್ದ ಮೇಲೆ ಹಳ್ಳಿ ನೆನಪಾಯಿತು ಅಂದರೆ ತಪ್ಪಾ?

ಮಾತು ಕಮ್ಮಿ:
ಬ್ಲೂಗ್ರಾಸ್ ಅಂದರೇನು ಅಂತ ಮೊದಲು ಹೇಳಿ ಸಾರ್. ನನ್ನಂಥವರೂ ಓದುತ್ತಿದ್ದಾರೆ.

ಎಂಟು ತಂತಿ:
ನಾನು ಹೇಳ್ತೀನಿ. ಬ್ಯಾಂಜೊ, ಪಿಟೀಲು, ಗಿಟಾರ್, ಮ್ಯಾಂಡೊಲಿನ್, ನಿಂತು ನುಡಿಸುವ ದೊಡ್ಡ ಬೇಸ್. ಕರೆಂಟ್ ವಾದ್ಯ ಇಲ್ಲ, ಡ್ರಮ್ ಇಲ್ಲ. ಓಟ ಜೋರು, ದನಿ ಎತ್ತರ. ಕೆಂಟಕಿಯ ಬಿಲ್ ಮನ್ರೋ ತಮ್ಮ ತಂಡಕ್ಕೆ 'ಬ್ಲೂ ಗ್ರಾಸ್ ಬಾಯ್ಸ್' ಅಂತ ಹೆಸರಿಟ್ಟಿದ್ದರು. ಆ ಹೆಸರೇ ಸಂಗೀತಕ್ಕೂ ಅಂಟಿಕೊಂಡಿತು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಬ್ಯಾಂಜೊ ಹಿಡಿದು ತಂಡಕ್ಕೆ ಸೇರಿದ ಮೇಲೆ ಅದಕ್ಕೆ ಈಗಿನ ರೂಪ ಬಂತು ಅಂತಾರೆ.

ಡ್ರಮ್ ಇಲ್ಲದೆ ತಾಳ ಹೇಗೆ ಅಂತೀರಾ? ಆ ಕೆಲಸ ನಮ್ಮ ಮ್ಯಾಂಡೊಲಿನ್‌ದು. ನಾಲ್ಕು ಎಣಿಕೆಯಲ್ಲಿ ಒಂದು, ಮೂರಕ್ಕೆ ಬೇಸ್. ಎರಡು, ನಾಲ್ಕಕ್ಕೆ ಮ್ಯಾಂಡೊಲಿನ್. ಎಂಟೂ ತಂತಿಯನ್ನು ಒಟ್ಟಿಗೆ ಹೊಡೆದು, ಹೊಡೆದ ಕೂಡಲೇ ಎಡಗೈ ಬೆರಳು ಸಡಿಲ ಬಿಡಬೇಕು. ನಾದ ಸಾಯಬೇಕು, ಪೆಟ್ಟು ಮಾತ್ರ ಉಳಿಯಬೇಕು. 'ಚಾಪ್' ಅಂತಾರೆ. ಕೇಳೋಕೆ ಸುಲಭ. ಎಂಟು ತಿಂಗಳಿಂದ ಕಲಿಯುತ್ತಿದ್ದೇನೆ, ಇನ್ನೂ ನನ್ನ ಚಾಪ್ ತಗಡಿನ ಡಬ್ಬ ಬಡಿದ ಹಾಗಿದೆ.

ಸಿನ್ಸಿನಾಟಿ ಸೀನ:
ಟ್ರಾನ್ಸಿಸ್ಟರ್ ಅಣ್ಣಾ, ವ್ಯಾಪಾರ ಗೀಪಾರ ಆಮೇಲೆ. ಈ ಮನುಷ್ಯ ಶುರು ಮಾಡಿದ್ದು ಎಲ್ಲಿಂದ ನೋಡಿ. ಅಪ್ಪ ಹೋಬರ್ಟ್ ಮಗನಿಗೆ ಐದು ವರ್ಷ ಆದಾಗ ಮ್ಯಾಂಡೊಲಿನ್ ತಂದುಕೊಟ್ಟರು. ಮರುವರ್ಷ ಹತ್ತಿರದ ಮಾರ್ಥಾ ಅನ್ನೋ ಊರಿಗೆ ಬಿಲ್ ಮನ್ರೋ ಬಂದರು. ಜನ 'ನಮ್ಮ ರಿಕಿ ಹಾಡಲಿ' ಅಂತ ಕೂಗೋಕೆ ಶುರು ಮಾಡಿದರು. ಮನ್ರೋ ಆ ಪುಟಾಣಿಯನ್ನು ವೇದಿಕೆಗೆ ಎತ್ತಿಕೊಂಡರು, ತಮ್ಮದೇ ಮ್ಯಾಂಡೊಲಿನ್ ಬಿಚ್ಚಿ, ಪಟ್ಟಿ ಸುತ್ತಿ ಗಿಡ್ಡ ಮಾಡಿ, ಹುಡುಗನ ಕೊರಳಿಗೆ ಹಾಕಿದರು. 1923ರ ಗಿಬ್ಸನ್ ಎಫ್-5 ಅದು! ಮ್ಯಾಂಡೊಲಿನ್ ಲೋಕದಲ್ಲಿ ಅದಕ್ಕಿಂತ ಹೆಸರಾದ ವಾದ್ಯ ಇನ್ನೊಂದಿಲ್ಲ. ಏಳನೇ ವಯಸ್ಸಿಗೆ ಬ್ಲೂಗ್ರಾಸ್ ಜೋಡಿ ಫ್ಲಾಟ್ ಮತ್ತು ಸ್ಕ್ರಗ್ಸ್ ಅವರ ಟಿವಿ ಕಾರ್ಯಕ್ರಮದಲ್ಲೂ ನುಡಿಸಿದ. ಅಂಥವರಿಗೆ ಬ್ಲೂಗ್ರಾಸ್ ವ್ಯಾಪಾರದ ಲೆಕ್ಕ ಆಗುತ್ತಾ?

ಹಳೇ ಟ್ರಾನ್ಸಿಸ್ಟರ್:
ಸೀನಾ, ಆರು ವರ್ಷದ ಹುಡುಗನ ಮೇಲೆ ನನಗೇನು ದೂರಿದೆ? ನಾನು ಕೇಳುತ್ತಿರುವುದು 43 ವರ್ಷದ ಗಂಡಸಿನ ಬಗ್ಗೆ.

ನಡುರಾತ್ರಿ ಕೇಳುಗ:
ಸ್ಕ್ಯಾಗ್ಸ್ ಅಂದ ಕೂಡಲೇ ನನಗೆ ಗಾಯಕ ಕೀತ್ ವಿಟ್ಲಿ ನೆನಪಾಗೋದು. ಇಬ್ಬರೂ ಪೂರ್ವ ಕೆಂಟಕಿಯವರು, ಹೆಚ್ಚುಕಡಿಮೆ ಒಂದೇ ವಯಸ್ಸು. ಒಂದು ರಾತ್ರಿ ಬ್ಲೂಗ್ರಾಸ್ ಗಾಯಕ ರಾಲ್ಫ್ ಸ್ಟ್ಯಾನ್ಲಿ ಗಾಡಿಯ ಟೈರ್ ಪಂಕ್ಚರ್ ಆಗಿ ಕಾರ್ಯಕ್ರಮಕ್ಕೆ ತಡ ಆಯಿತು. ಒಳಗೆ ಬಂದರೆ ಅಣ್ಣನ ಜೊತೆಗಿನ ತಮ್ಮದೇ ಜೋಡಿ, ಸ್ಟ್ಯಾನ್ಲಿ ಬ್ರದರ್ಸ್ ಹಾಡು ಕೇಳ್ತಿದೆ. ಅಣ್ಣ ಕಾರ್ಟರ್ ತೀರಿಕೊಂಡಿದ್ದು 1966ರಲ್ಲಿ. ನೋಡಿದರೆ ಈ ಇಬ್ಬರು ಹುಡುಗರು ಹಾಡ್ತಿದ್ದಾರೆ! ಸ್ವಲ್ಪ ದಿನಕ್ಕೆ ಇಬ್ಬರನ್ನೂ ತಂಡಕ್ಕೆ ಸೇರಿಸಿಕೊಂಡರು.

ಮುಂದೆ ಇಬ್ಬರೂ ಕಂಟ್ರಿಗೆ ಹೋದರು. ವಿಟ್ಲಿ 1989ರ ಮೇ ತಿಂಗಳಲ್ಲಿ ಕುಡಿತಕ್ಕೆ ಬಲಿಯಾದರು. ಇನ್ನೂ ಮೂವತ್ತೈದು ತುಂಬಿರಲಿಲ್ಲ. ಟ್ರಾನ್ಸಿಸ್ಟರ್ ಅವರು ಕೊಟ್ಟ ಆ 1989ರ ಲೆಕ್ಕವನ್ನು ನಾನು ಬೇರೆ ಥರ ಓದುತ್ತೇನೆ. ಹಾಡುಗಾರಿಕೆಯಲ್ಲಿ ಮಾತ್ರ ವಿಟ್ಲಿಯೇ ಮೇಲು. ಇದಕ್ಕೆ ಜಗಳಕ್ಕೆ ಬರುವವರು ಬರಬಹುದು.

ಗಿರಿಜಕ್ಕ:
ಬರಲ್ಲ, ಒಪ್ಪಿದೆ.

ಆದರೆ ನಡುವಿನ ಹತ್ತು ವರ್ಷವನ್ನು ಎಲ್ಲರೂ ಹಾರಿಸುತ್ತೀರಿ. ಸ್ಟ್ಯಾನ್ಲಿ ತಂಡ ಬಿಟ್ಟ ಮೇಲೆ ಸ್ಕ್ಯಾಗ್ಸ್ ವಾಷಿಂಗ್ಟನ್ ಕಡೆ ಒಂದು ವಿದ್ಯುತ್ ಕಂಪನಿಯ ಬಾಯ್ಲರ್ ಕೋಣೆಯಲ್ಲಿ ದುಡಿದಿದ್ದಾರೆ. ಆಮೇಲೆ ಬ್ಲೂಗ್ರಾಸ್ ತಂಡ ಕಂಟ್ರಿ ಜಂಟಲ್‌ಮೆನ್. ಆಮೇಲೆ ಜೆ.ಡಿ. ಕ್ರೋ ತಂಡ. ಆ ತಂಡದ 1975ರ ಆಲ್ಬಂಗೆ ಅಭಿಮಾನಿಗಳು ಹೆಸರು ಕೂಡ ಹೇಳಲ್ಲ, ರೌಂಡರ್ ಕಂಪನಿಯ ನಂಬರ್ ಹೇಳ್ತಾರೆ: 0044. ಬ್ಯಾಂಜೊಗೆ ಕ್ರೋ, ಗಿಟಾರಿಗೆ ಟೋನಿ ರೈಸ್, ಡೋಬ್ರೊಗೆ (ಮಲಗಿಸಿ ನುಡಿಸುವ ಗಿಟಾರ್) ಜೆರ್ರಿ ಡಗ್ಲಸ್, ಮ್ಯಾಂಡೊಲಿನ್‌ಗೆ ಸ್ಕ್ಯಾಗ್ಸ್. ಒಂದೇ ಆಲ್ಬಂ ಕೇಳ್ತೀನಿ ಅನ್ನೋರಿಗೆ ನಾನು ಅದನ್ನೇ ಕೊಡೋದು. (ಈ ಜೆರ್ರಿ ಡಗ್ಲಸ್ ಮುಂದೆ ನಮ್ಮ ವಿಶ್ವಮೋಹನ ಭಟ್ಟರ ಜೊತೆಗೂ ನುಡಿಸಿದ್ದಾರೆ.)

ಅದಾದ ಮೇಲೆ ಎಮ್ಮಿಲೂ ಹ್ಯಾರಿಸ್ ತಂಡ. ಆಕೆ ಕಂಟ್ರಿಯಲ್ಲಿ ದೊಡ್ಡ ಹೆಸರು. ಇವರು ಅಲ್ಲಿಗೆ ಹೋಗಿ ತಾವು ಕಂಟ್ರಿ ಆಗಲಿಲ್ಲ, ಆಕೆಯನ್ನೇ ಬ್ಲೂಗ್ರಾಸ್ ಕಡೆ ಎಳೆದುಕೊಂಡು ಬಂದರು. 1980ರ 'ರೋಸಸ್ ಇನ್ ದ ಸ್ನೋ' ಕೇಳಿ.

ಎಂಟು ತಂತಿ:
ಗಿರಿಜಕ್ಕನ ಮಾತಿಗೆ ಇನ್ನೊಂದಿಷ್ಟು ಸೇರಿಸುತ್ತೇನೆ. 1982ರ ಆ ಮೊದಲ ನಂಬರ್ ಒನ್, 'ಕ್ರೈಯಿಂಗ್ ಮೈ ಹಾರ್ಟ್ ಔಟ್ ಓವರ್ ಯೂ'. ಅದು ಫ್ಲಾಟ್ ಮತ್ತು ಸ್ಕ್ರಗ್ಸ್ ಹಾಡಿದ್ದ ಹಳೇ ಹಾಡು. 1984ರ 'ಡೋಂಟ್ ಚೀಟ್ ಇನ್ ಅವರ್ ಹೋಮ್‌ಟೌನ್' ಸ್ಟ್ಯಾನ್ಲಿ ಬ್ರದರ್ಸ್ ಹಾಡಿದ್ದು. ಅದೇ ವರ್ಷದ 'ಅಂಕಲ್ ಪೆನ್' ಸಾಕ್ಷಾತ್ ಬಿಲ್ ಮನ್ರೋ ಬರೆದದ್ದು, ತಮ್ಮ ಪಿಟೀಲು ಸೋದರಮಾವ ಪೆಂಡಲ್ಟನ್ ವ್ಯಾಂಡಿವರ್ ಮೇಲೆ. ಮೂರೂ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದವು. ಬಿಟ್ಟು ಹೋದವರು ಇಷ್ಟೆಲ್ಲ ಸಾಮಾನು ಹೊತ್ತುಕೊಂಡು ಹೋಗ್ತಾರಾ?

ಇನ್ನೊಂದು. ಆ ಕಂಟ್ರಿ ತಂಡಕ್ಕೆ ಪಿಟೀಲು ಯಾರದು ಗೊತ್ತಾ? ಬಾಬಿ ಹಿಕ್ಸ್. 1950ರ ದಶಕದಲ್ಲಿ ಮನ್ರೋ ತಂಡದಲ್ಲಿ ನುಡಿಸಿದ್ದವರು. 1981ರಲ್ಲೇ ಅವರನ್ನು ಕರೆಸಿಕೊಂಡು, ಇಪ್ಪತ್ತು ವರ್ಷಕ್ಕೂ ಜಾಸ್ತಿ ಜೊತೆಗಿಟ್ಟುಕೊಂಡರು.

ಹಳೇ ಟ್ರಾನ್ಸಿಸ್ಟರ್:
ಹಾಡು ಬ್ಲೂಗ್ರಾಸ್‌ದು ಅಂದ ಮಾತ್ರಕ್ಕೆ ಹಾಡಿದ್ದು ಬ್ಲೂಗ್ರಾಸ್ ಆಗಲ್ಲ ಮೇಡಂ. ಡ್ರಮ್ ಇದೆ, ಸ್ಟೀಲ್ ಗಿಟಾರ್ ಇದೆ. ಡ್ರಮ್ ಬಂದ ಕೂಡಲೇ ನಿಮ್ಮ ಚಾಪ್‌ಗೆ ಕೆಲಸ ಹೋಯ್ತು ಅಲ್ವಾ? ನೀವೇ ಹೇಳಿದ ವ್ಯಾಖ್ಯೆ.

ಎಂಟು ತಂತಿ:
ಹೊಡೆದಿರಿ ನೋಡಿ. ಒಪ್ಪಿದೆ, ಅಲ್ಲಿ ಮ್ಯಾಂಡೊಲಿನ್ ಅರ್ಧ ಅಲಂಕಾರಕ್ಕೆ.

ಗಿರಿಜಕ್ಕ:
ಇಷ್ಟು ಬೇಗ ಒಪ್ಪಬೇಡ ಕಣೆ. 1945ರಲ್ಲಿ ಮನ್ರೋ ತಂಡದಲ್ಲಿ ಅಕಾರ್ಡಿಯನ್ ಇತ್ತು! ಸ್ಯಾಲಿ ಆನ್ ಫಾರೆಸ್ಟರ್ ಅನ್ನೋ ಹೆಂಗಸು ನುಡಿಸ್ತಿದ್ದರು. ಈ ಸಂಗೀತಕ್ಕೆ ಮಡಿ ಮೈಲಿಗೆ ಹಚ್ಚಿದ್ದು ಆಮೇಲಿನವರು.

ಸಿನ್ಸಿನಾಟಿ ಸೀನ:
ಅಕ್ಕ ಸಿಕ್ಸರ್.

ಮೂರು ವರ್ಷದ ಹಿಂದೆ ಪೂರ್ವ ಕೆಂಟಕಿಯ 23ನೇ ನಂಬರ್ ಹೆದ್ದಾರಿಯಲ್ಲಿ ಗಾಡಿ ಓಡಿಸಿದ್ದೆ. ಕಂಟ್ರಿ ಮ್ಯೂಸಿಕ್ ಹೈವೇ ಅಂತಲೇ ಹೆಸರು. ಕೌಂಟಿ ದಾಟಿದ ಹಾಗೆ ಅಲ್ಲಿನ ಗಾಯಕರ ಹೆಸರಿನ ಬೋರ್ಡ್. ಲಾರೆನ್ಸ್ ಕೌಂಟಿಗೆ ಸ್ಕ್ಯಾಗ್ಸ್, ಮುಂದೆ ಲೊರೆಟ್ಟಾ ಲಿನ್, ಡ್ವೈಟ್ ಯೋಕಮ್. ಒಂದೇ ರಸ್ತೆ, ಒಂದೇ ಥರದ ಬೋರ್ಡ್. ಲೂಯಿಸಾದ ಒಂದು ಪೆಟ್ರೋಲ್ ಬಂಕ್‌ನಲ್ಲಿ ಕೌಂಟರಿನ ಅಜ್ಜನನ್ನು ಕೇಳಿದೆ, ಸ್ಕ್ಯಾಗ್ಸ್ ಕಂಟ್ರಿನಾ ಬ್ಲೂಗ್ರಾಸಾ ಅಂತ. ಅಜ್ಜ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, 'ಅವನು ಹೋಬರ್ಟ್ ಮಗ' ಅಂದ. ಚಿಲ್ಲರೆ ಎಣಿಸಿ ಕೊಟ್ಟ, ಮಾತು ಮುಗೀತು.

ಮಾತು ಕಮ್ಮಿ:
ಅಜ್ಜ ನನ್ನ ಜಾತಿಯವನು.

ನಡುರಾತ್ರಿ ಕೇಳುಗ:
ಇದಕ್ಕೆಲ್ಲ ಒಂದು ವಿಡಿಯೋ ಇದೆ, ಯಾರೂ ಯಾಕೆ ಎತ್ತಲಿಲ್ಲ? 1985ರ 'ಕಂಟ್ರಿ ಬಾಯ್'. ಸ್ಕ್ಯಾಗ್ಸ್ ನ್ಯೂಯಾರ್ಕ್‌ನ ಒಂದು ಆಫೀಸಿನಲ್ಲಿ ಕೂತಿದ್ದಾರೆ. ಊರಿಂದ ಅಂಕಲ್ ಪೆನ್ ಬರ್ತಾರೆ. ಪಾತ್ರ ಮಾಡಿರುವುದು ಬಿಲ್ ಮನ್ರೋ! ಬಂದವರೇ, ಪಟ್ಟಣ ಸೇರಿ ಊರು ಮರೆತೆ ಅಂತ ತರಾಟೆಗೆ ತಗೋತಾರೆ. ಇಲ್ಲ, ನಾನಿನ್ನೂ ಹಳ್ಳಿಯವನೇ ಅಂತ ಇವರು ಹಾಡಿ ತೋರಿಸ್ತಾರೆ. ಆಮೇಲೆ ಆ ಮುದುಕರು ಸುರಂಗ ರೈಲಿನಲ್ಲಿ ಹೆಜ್ಜೆ ಹಾಕಿ ಕುಣೀತಾರೆ. ಆಗಿನ ನ್ಯೂಯಾರ್ಕ್ ಮೇಯರ್ ಎಡ್ ಕಾಕ್ ಕೂಡ ಬಂದು ಹೋಗ್ತಾರೆ.

ಅಂದರೆ ಟ್ರಾನ್ಸಿಸ್ಟರ್ ಅವರ ತಕರಾರನ್ನು 1985ರಲ್ಲೇ ಮನ್ರೋ ಕೈಲಿ ಹೇಳಿಸಿ, ಅವರನ್ನೇ ಕುಣಿಸಿ ಮುಗಿಸಿದ್ದಾರೆ.

ಗಿರಿಜಕ್ಕ:
ಇನ್ನೂ ತಮಾಷೆ ಏನು ಗೊತ್ತಾ? ಆ ಹಾಡು ಬರೆದವರಲ್ಲಿ ಆಲ್ಬರ್ಟ್ ಲೀ ಒಬ್ಬರು. ಇಂಗ್ಲೆಂಡಿನವರು! ಎಮ್ಮಿಲೂ ತಂಡದಲ್ಲಿ ಗಿಟಾರ್ ನುಡಿಸ್ತಿದ್ದರು. ಆ ವರ್ಷವೇ ಸ್ಕ್ಯಾಗ್ಸ್‌ಗೆ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ಎಂಟರ್‌ಟೇನರ್ ಪ್ರಶಸ್ತಿ.

ಹಳೇ ಟ್ರಾನ್ಸಿಸ್ಟರ್:
ವಿಡಿಯೋ ಈಗಷ್ಟೇ ನೋಡಿದೆ. ಎರಡು ಸಲ. ಮನ್ರೋ ಟೋಪಿ ಸರಿ ಮಾಡಿಕೊಂಡು ಕುಣಿಯೋದು ನೋಡಿದ ಮೇಲೆ ಸಿಟ್ಟು ಉಳಿಯಲ್ಲ, ನಿಜ. ಆದರೂ ಅದು ಜಾಹೀರಾತು ಕಣ್ರೀ. ಚೆನ್ನಾಗಿರುವ ಜಾಹೀರಾತು.

'ಕಂಟ್ರಿ ಸಂಗೀತವನ್ನು ಒಬ್ಬನೇ ಕಾಪಾಡಿದ' ಅಂತ ಹೆಸರಾಂತ ಗಿಟಾರ್ ವಾದಕ ಚೆಟ್ ಆಟ್‌ಕಿನ್ಸ್ ಹೊಗಳಿದ್ದನ್ನೂ ಯಾರಾದರೂ ತಂದೇ ತರ್ತೀರಿ ಅಂತ ಕಾಯ್ತಿದ್ದೆ. ನಾನೇ ತಂದುಬಿಡ್ತೀನಿ. 1980ರಲ್ಲಿ 'ಅರ್ಬನ್ ಕೌಬಾಯ್' ಸಿನಿಮಾ ಬಂದು ಕಂಟ್ರಿ ಎಲ್ಲ ಪಾಪ್ ಸಕ್ಕರೆ ಪಾಕ ಆಗಿತ್ತು, ಸರಿ. ಆದರೆ 1981ರಲ್ಲಿ ಹಳೇ ಧಾಟಿಯ ಕಂಟ್ರಿ ಗಾಯಕ ಜಾರ್ಜ್ ಸ್ಟ್ರೇಟ್ ಕೂಡ ಬಂದರಲ್ಲ? ಒಬ್ಬನೇ ಅನ್ನೋದು ಜಾಸ್ತಿ ಆಯ್ತು.

ಎಂಟು ತಂತಿ:
ಅದು ಸರಿ. ಹೊಗಳಿಕೆಯಲ್ಲಿ ಸಕ್ಕರೆ ಸ್ವಲ್ಪ ಹೆಚ್ಚೇ ಬೀಳುತ್ತೆ.

1997ಕ್ಕೆ ಬನ್ನಿ. ಮನ್ರೋ ತೀರಿಕೊಂಡಿದ್ದು 1996ರ ಸೆಪ್ಟೆಂಬರ್‌ನಲ್ಲಿ. ನೀವು ಗಾರ್ತ್ ಬ್ರೂಕ್ಸ್ ಲೆಕ್ಕ ಹಾಕಿದಿರಿ, ಈ ಲೆಕ್ಕ ಹಾಕಲಿಲ್ಲ. ಆರನೇ ವಯಸ್ಸಿನಲ್ಲಿ ಕೊರಳಿಗೆ ಮ್ಯಾಂಡೊಲಿನ್ ಹಾಕಿದವರು ಹೋದ ಮರುವರ್ಷವೇ ಆ ಆಲ್ಬಂ ಬಂದಿದ್ದು. ಅಷ್ಟೇ ಅಲ್ಲ, ಸ್ವಂತ ಕಂಪನಿ ಬೇರೆ ಶುರು ಮಾಡಿದರು, ಸ್ಕ್ಯಾಗ್ಸ್ ಫ್ಯಾಮಿಲಿ ರೆಕಾರ್ಡ್ಸ್. ಹಣ ಬೇಕಿದ್ದವರು ಬ್ಲೂಗ್ರಾಸ್ ಕಂಪನಿ ತೆರೀತಾರಾ ಸಾರ್?

ಹಳೇ ಟ್ರಾನ್ಸಿಸ್ಟರ್:
ಅದೇ 1997ರಲ್ಲಿ ಅಟ್ಲಾಂಟಿಕ್ ಕಂಪನಿಯಿಂದ ಅವರ ಒಂದು ಕಂಟ್ರಿ ಆಲ್ಬಂ ಕೂಡ ಬಂದಿದೆ, 'ಲೈಫ್ ಈಸ್ ಎ ಜರ್ನಿ'. ಎರಡೂ ದೋಣಿಯಲ್ಲಿ ಒಂದೊಂದು ಕಾಲು. ಒಂದು ಮುಳುಗಿತು, ಇನ್ನೊಂದು ತೇಲಿತು, ಗ್ರ್ಯಾಮಿ ತಂದಿತು. ಆಮೇಲೆ ತೇಲಿದ ದೋಣಿಯೇ ನಮ್ಮ ಮನೆ ಅಂದರು. ತಪ್ಪು ಅಂತಿಲ್ಲ. ಕಥೆ ಅಷ್ಟು ನೀಟಾಗಿಲ್ಲ ಅಂತಿದ್ದೇನೆ, ಅಷ್ಟೇ.

ಗಿರಿಜಕ್ಕ:
ಈಗ ಸರಿಯಾದ ಮಾತು ಬಂತು. ಮೊದಲು ನೀವು ಹೇಳಿದ್ದು 'ವ್ಯಾಪಾರ ಬಿದ್ದಾಗ ಊರು ನೆನಪಾಯಿತು' ಅಂತ. ಈಗ 'ಕಥೆ ನೀಟಾಗಿಲ್ಲ' ಅಂತೀರಿ. ಮೊದಲನೆಯದಕ್ಕೆ ನನ್ನ ವಿರೋಧ, ಎರಡನೆಯದಕ್ಕೆ ಇಲ್ಲ. 2018ರಲ್ಲಿ ಕಂಟ್ರಿ ಹಾಲ್ ಆಫ್ ಫೇಮ್‌ನವರೂ ಸೇರಿಸಿಕೊಂಡರು, ಬ್ಲೂಗ್ರಾಸ್ ಹಾಲ್ ಆಫ್ ಫೇಮ್‌ನವರೂ ಸೇರಿಸಿಕೊಂಡರು. ಒಂದೇ ವರ್ಷ. ಆ ಇಬ್ಬರೇ ಜಗಳ ಆಡದೆ ಇರುವಾಗ ನಾವು ಯಾಕೆ ಇಲ್ಲಿ ರಾತ್ರಿ ಒಂದೂವರೆವರೆಗೆ ಕೂತಿದ್ದೀವಿ?

ನಡುರಾತ್ರಿ ಕೇಳುಗ:
ಒಂದೂವರೆ ನನಗೆ ಸಂಜೆ.

ಮಾತು ಕಮ್ಮಿ:
ಯಾವುದರಿಂದ ಶುರು ಮಾಡಲಿ? ಒಂದೇ ಹೇಳಿ.

ಗಿರಿಜಕ್ಕ:
0044.

ಹಳೇ ಟ್ರಾನ್ಸಿಸ್ಟರ್:
'ಅಂಕಲ್ ಪೆನ್', ಮನ್ರೋದು ಮೊದಲು, ಸ್ಕ್ಯಾಗ್ಸ್‌ದು ಆಮೇಲೆ. ಕೇಳಿ, ನನ್ನ ಕಡೆಗೆ ಬನ್ನಿ.

ಎಂಟು ತಂತಿ:
'ಬ್ಲೂಗ್ರಾಸ್ ರೂಲ್ಸ್!' ಮೊದಲ ಹಾಡು, 'ಗೆಟ್ ಅಪ್ ಜಾನ್'. ಮನ್ರೋ ಟ್ಯೂನ್. ಅದಕ್ಕೆ ಮ್ಯಾಂಡೊಲಿನ್ ಶ್ರುತಿಯನ್ನೇ ಬದಲಿಸಬೇಕು. ಮಾಮೂಲಾಗಿ ಜೋಡಿ ತಂತಿ ಎರಡೂ ಒಂದೇ ಸ್ವರ. ಇಲ್ಲಿ ಮಂದ್ರದ ಜೋಡಿಯಲ್ಲಿ ಒಂದನ್ನು ಇಳಿಸಿ, ಇನ್ನೊಂದನ್ನು ಏರಿಸಬೇಕು. ಒಂದೇ ವಾದ್ಯದಲ್ಲಿ ಇಬ್ಬರು ನುಡಿಸಿದ ಹಾಗೆ ಕೇಳುತ್ತೆ. ತಾಳಿ, ಈಗಲೇ ಮಾಡಿ ನೋಡಿ ಹೇಳ್ತೀನಿ.

ಎಂಟು ತಂತಿ:
ಏರಿಸೋಕೆ ಹೋಗಿ ತಂತಿ ಪಟ್ ಅಂತ ಹೋಯ್ತು. ಪಕ್ಕದ ಕೋಣೆಯಿಂದ ಅಮ್ಮ 'ಏನೇ ಅದು?' ಅಂತಿದ್ದಾರೆ. ಏಳು ತಂತಿಯಲ್ಲಿ ಚಾಪ್ ಹೊಡೆದುಕೊಂಡು ಮಲಗ್ತೀನಿ.