ಪದಚರ್ಚೆ: ‘ಕೆಜೆ/ಕೆಜಿ’ಯನ್ನು ಕನ್ನಡದಲ್ಲಿ ಬರೆಯುವುದು ಹೇಗೆ?

ಬಲ್ಲವರಿಗೆ ನಮಸ್ಕಾರ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಸಿಬ್ಬಂದಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಬಗಾಸ್‌ನ (ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯ) ಕ್ಯಾಲೊರಿ ಮೌಲ್ಯ ಎಂದರೆ ಉರಿದಾಗ ಕೊಡುವ ಉಷ್ಣ, ಹಬೆಯ ಗುಪ್ತೋಷ್ಣ ಎಂದರೆ ನೀರು ಆವಿಯಾಗಲು ಬೇಕಾದ ಉಷ್ಣ, ನೀರಿನ ವಿಶಿಷ್ಟೋಷ್ಣ, ಮೂರರಲ್ಲೂ ‘ಕೆ.ಜಿ.ಗೆ ಇಷ್ಟು’ ಎಂಬ ಮಾತಿದೆ. ‘ಕಿಲೋಜೌಲ್ ಪ್ರತಿ ಕಿಲೋಗ್ರಾಂ’ ಓದಲು ತೊಡಕು. ‘ವಿಶಿಷ್ಟ’ ಎಂದರೆ ‘ವಿಶೇಷ’ ಎಂದೇ ತಿಳಿಯುತ್ತಾರೆ. ಏನು ಬಳಸಬಹುದು?

ಉತ್ತರ 1

ವಾಕ್ಯದೊಳಗೆ ‘ಪ್ರತಿ’ ಬೇಡ, ಚತುರ್ಥಿ ವಿಭಕ್ತಿ ಸಾಕು: ‘ಕೆ.ಜಿ.ಗೆ 2,257 ಕಿಲೋಜೌಲ್’. ಸಂತೆಯಲ್ಲಿ ದರ ಹೇಳುವುದೂ ಹೀಗೆಯೇ ತಾನೆ. ಕೋಷ್ಟಕಗಳಲ್ಲಿ ಮಾತ್ರ ಅಂತರರಾಷ್ಟ್ರೀಯ ಸಂಕೇತವನ್ನು ರೋಮನ್ ಲಿಪಿಯಲ್ಲೇ ಉಳಿಸಿ. ಲಿಪಿ ಬದಲಿಸಿದರೆ ಶಕ್ತಿಯ ‘ಕೆಜೆ’ಗೂ ತೂಕದ ‘ಕೆಜಿ’ಗೂ ಒಂದು ಗುಣಿತದಷ್ಟೇ ವ್ಯತ್ಯಾಸ; ಕಿಲೋ, ಕೆಲ್ವಿನ್ ಎರಡೂ ‘ಕೆ’ ಆಗುತ್ತವೆ. ಮಿಲಿಜೌಲ್, ಮೆಗಾಜೌಲ್ ಎರಡೂ ‘ಎಂಜೆ’ ಆದರಂತೂ ನೂರು ಕೋಟಿ ಪಟ್ಟು ತಪ್ಪು.

ಕ್ಯಾಲೊರಿಯದೂ ಇದೇ ಪಾಡು. ಇಂಗ್ಲಿಷಿನಲ್ಲಿ ಆಹಾರದ ಕ್ಯಾಲೊರಿಯನ್ನು ದೊಡ್ಡಕ್ಷರದಿಂದ ಬೇರ್ಪಡಿಸುವ ರೂಢಿಯಿದೆ, ನಮ್ಮ ಲಿಪಿಯಲ್ಲಿ ಆ ಸೌಕರ್ಯವಿಲ್ಲ. ‘ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ’ ಎಂಬುದು ನಿಜಕ್ಕೂ 4 ಕಿಲೋಕ್ಯಾಲೊರಿ. ಆದ್ದರಿಂದ ಎಲ್ಲೆಡೆ ‘ಕಿಲೋಕ್ಯಾಲೊರಿ’ ಎಂದು ಬಿಡಿಸಿಯೇ ಬರೆಯಿರಿ. ಗ್ರಾಂಗೆ ಕ್ಯಾಲೊರಿ, ಕೆ.ಜಿ.ಗೆ ಕಿಲೋಕ್ಯಾಲೊರಿ ಎರಡರಲ್ಲೂ ಅಂಕಿ ಒಂದೇ. ಬೆರೆಸಿ ‘ಕೆ.ಜಿ.ಗೆ ಕ್ಯಾಲೊರಿ’ ಎಂದರೆ ಸಾವಿರ ಪಟ್ಟು ಕುಸಿಯುತ್ತದೆ.

‘ವಿಶಿಷ್ಟ’ಕ್ಕೆ ಇಲ್ಲಿ ‘ಏಕಮಾನ ದ್ರವ್ಯರಾಶಿಗೆ’ ಎಂಬ ಅರ್ಥ. ಶಾಲೆಯಿಂದಲೇ ಬಂದ ಪದ, ಕೆಡವಬೇಡಿ. ಮೊದಲ ಸಲ ಬಂದಾಗ ‘1 ಕೆ.ಜಿ. ನೀರಿನ ತಾಪ 1 ಡಿಗ್ರಿ ಏರಲು 4.18 ಕಿಲೋಜೌಲ್ ಬೇಕು’ ಎಂದು ಬಿಡಿಸಿ. ‘ಡಿಗ್ರಿಗೆ’ ಎಂಬುದು ಬಿಟ್ಟುಹೋಗುವುದೇ ಇಲ್ಲಿ ಹೆಚ್ಚು. ಗುಪ್ತೋಷ್ಣಕ್ಕೆ ಅದು ಬೇಕಿಲ್ಲ, ಆವಿಯಾಗುವಾಗ ತಾಪ ಏರುವುದಿಲ್ಲವಲ್ಲ. ಅಲ್ಲಿ ಹೇಳಲೇಬೇಕಾದ್ದು ಒತ್ತಡ: 2,257 ವಾತಾವರಣದ ಒತ್ತಡದ ಲೆಕ್ಕ, 45 ಬಾರ್‌ನಲ್ಲಿ ಸುಮಾರು 1,675ಕ್ಕೆ ಇಳಿಯುತ್ತದೆ.

ಉತ್ತರ 2

ಮೇಲಿನದಕ್ಕೆ ನನ್ನ ಸಹಮತವಿದೆ. ಆದರೆ ಬಾಯ್ಲರ್ ಮನೆಯಲ್ಲಿ ಜಗಳ ಹುಟ್ಟುವುದು ‘ಯಾವ ಕೆ.ಜಿ.?’ ಎಂಬಲ್ಲಿ. ಪೂರ್ತಿ ಒಣಗಿದ ಬಗಾಸ್ ಕೆ.ಜಿ.ಗೆ ಸುಮಾರು 4,600 ಕಿಲೋಕ್ಯಾಲೊರಿ ಕೊಡುತ್ತದೆ. ಗಾಣದಿಂದ ಬಂದ, ಅರ್ಧದಷ್ಟು ತೇವವಿರುವ ಸಿಪ್ಪೆಗೆ ಅದು ಸುಮಾರು 2,300. ತೇವವೂ, ಸಿಪ್ಪೆಯ ಹೈಡ್ರೊಜನ್ ಉರಿದು ಹುಟ್ಟುವ ನೀರೂ ಆವಿಯಾಗಿ ಚಿಮಣಿಯಲ್ಲಿ ಒಯ್ಯುವ ಉಷ್ಣವನ್ನು ಕಳೆದರೆ ಉಳಿಯುವುದು 1,800ರ ಆಸುಪಾಸು. ಹಾಗಾಗಿ ಅಂಕಿಯ ಪಕ್ಕದಲ್ಲಿ ಎರಡು ವಿಶೇಷಣ ಬೇಕು: ಒಣ ಅಥವಾ ತೇವಸಹಿತ, ಜಿಸಿವಿ (ಉರಿದಾಗ ಹುಟ್ಟುವ ಪೂರ್ತಿ ಉಷ್ಣ, ಮೇಲಿನ 2,300) ಅಥವಾ ಎನ್‌ಸಿವಿ (ಆವಿ ಒಯ್ಯುವುದನ್ನು ಕಳೆದ ಉಷ್ಣ, ಮೇಲಿನ 1,800). ಎನ್‌ಸಿವಿಗೆ ‘ನಿವ್ವಳ’ ಹೊಂದುತ್ತದೆ. ಜಿಸಿವಿಗೆ ‘ಒಟ್ಟು’ ನನಗೆ ಒಪ್ಪಿಗೆಯಿಲ್ಲ, ‘ಕೆ.ಜಿ.ಗೆ ಒಟ್ಟು 2,300’ ಎಂದರೆ ಎಲ್ಲ ಕೂಡಿಸಿದ ಮೊತ್ತ ಎಂದು ಓದಿಸಿಕೊಳ್ಳುತ್ತದೆ. ‘ಸ್ಥೂಲ’ವೂ ‘ಅಂದಾಜು’ ಎಂದೇ ಕೇಳಿಸುತ್ತದೆ. ಸಿಬ್ಬಂದಿ ಆಡುವುದು ಜಿಸಿವಿ ಎಂದೇ, ಅದನ್ನೇ ಇಡಿ.

ಇದನ್ನು ಹೇಳದೆ ಬಿಟ್ಟರೆ ಜಿಸಿವಿಯ ಮೇಲೆ ಶೇ. 70ರ ದಕ್ಷತೆ ತೋರುವ ಬಾಯ್ಲರ್, ಎನ್‌ಸಿವಿಯ ಮೇಲೆ ಶೇ. 89 ತೋರುತ್ತದೆ. ಸುಡುವ ಸಿಪ್ಪೆ ಮಾತ್ರ ಅಷ್ಟೇ.

ಪರಿವರ್ತನೆಗೆ: ಕಿಲೋಕ್ಯಾಲೊರಿಯನ್ನು 4.187ರಿಂದ ಗುಣಿಸಿದರೆ ಕಿಲೋಜೌಲ್. ಹಳೆಯ ಬಾಯ್ಲರ್ ಕಾಗದಗಳಲ್ಲಿ ಪೌಂಡಿಗೆ ಇಷ್ಟು ಬಿಟಿಯು (ಉಷ್ಣದ ಬ್ರಿಟಿಷ್ ಮಾನ) ಎಂದಿದ್ದರೆ 2.326ರಿಂದ ಗುಣಿಸಿ, ಕೆ.ಜಿ.ಗೆ ಕಿಲೋಜೌಲ್ ಸಿಗುತ್ತದೆ. ಪೌಂಡನ್ನು ಮತ್ತೆ ಬೇರೆಯಾಗಿ ಕೆ.ಜಿ. ಮಾಡಬೇಡಿ, ಅದು ಆ 2.326ರಲ್ಲೇ ಸೇರಿದೆ.