ಕಡಿಮೆ ಬಜೆಟ್‌ನಲ್ಲಿ ಏರ್ ರೈಫಲ್‌ಗೆ ಹ್ಯಾಂಡ್‌ಗಾರ್ಡ್ ಮತ್ತು ಬ್ಯಾಕಪ್ ಸೈಟ್: ಯಾವುದನ್ನು ಆರಿಸಬೇಕು?

ಬಾತಿಗುಡ್ಡ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 4.5 ಮಿ.ಮೀ. ಪೆಲೆಟ್ (ಸಣ್ಣ ಗುಂಡು) ಹಾರಿಸುವ, ಮರದ ಸ್ಟಾಕ್ ಇರುವ ಒಂದು ಪಿಸಿಪಿ (ಸಿಲಿಂಡರ್‌ನಲ್ಲಿ ಮೊದಲೇ ಗಾಳಿ ತುಂಬಿಡುವ) ಏರ್ ರೈಫಲ್ ಇದೆ. ಮನೆಯ ಹಿಂದಿನ ಹಳೆಯ ಹತ್ತಿ ಗೋದಾಮಿನೊಳಗೆ 10 ಮೀಟರ್ ಅಳೆದು, ಗುರಿಹಲಗೆಯ ಹಿಂದೆ ಮರಳಿನ ಚೀಲಗಳನ್ನು ಒಟ್ಟಿ, ನಾನೂ ಪಿಯುಸಿ ಓದುತ್ತಿರುವ ಮಗಳೂ ಅಭ್ಯಾಸ ಮಾಡುತ್ತೇವೆ. ರೈಫಲ್ ಮೇಲೆ 3-9×40 ಸ್ಕೋಪ್ (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು) ಇದೆ, ಆದರೆ 10 ಮೀಟರ್‌ಗೆ ಹಿಡಿದರೆ ಗುರಿಕಾಗದ ಮಸುಕಾಗಿ ಕಾಣುತ್ತದೆ. ಮಗಳಿಗೆ ಮುಂದಿನ ವರ್ಷ ಸ್ಪರ್ಧೆಗೆ ಹೋಗುವ ಆಸೆಯಿದೆ, ಅಲ್ಲಿ ಸ್ಕೋಪ್ ನಡೆಯುವುದಿಲ್ಲವೆಂದು ಕೇಳಿದ್ದೇನೆ.

ಆದ್ದರಿಂದ ಎರಡು ವಸ್ತುಗಳನ್ನು ಕೊಳ್ಳುವ ಆಲೋಚನೆಯಲ್ಲಿದ್ದೇನೆ. ಒಂದು, ಬ್ಯಾರಲ್‌ನ ಸುತ್ತ ಕೂರುವ ಅಲ್ಯೂಮಿನಿಯಂ ಹ್ಯಾಂಡ್‌ಗಾರ್ಡ್. ಇದರ ಮೇಲ್ಭಾಗದಲ್ಲಿ ಉದ್ದಕ್ಕೂ ಪಿಕಟಿನಿ ರೇಲ್ (ಸೈಟ್ ಕೂರಿಸುವ ಹಲ್ಲುಹಲ್ಲಾದ ಹಳಿ) ಇದ್ದು, ಪಕ್ಕಗಳಲ್ಲಿ ಬಿಡಿಭಾಗ ಜೋಡಿಸುವ ಎಮ್-ಲಾಕ್ ಕಿಂಡಿಗಳಿವೆ. ಎರಡನೆಯದು, ಆ ರೇಲ್ ಮೇಲೆ ಕೂರಿಸಿ ಬೇಕಾದಾಗ ಎತ್ತಿ, ಬೇಡವಾದಾಗ ಮಡಚಿಡಬಹುದಾದ, ಸ್ಕೋಪ್ ಇಲ್ಲದೆ ಗುರಿಯಿಡಲು ನೆರವಾಗುವ ಫ್ಲಿಪ್-ಅಪ್ ಬ್ಯಾಕಪ್ ಸೈಟ್‌ಗಳ ಜೋಡಿ. ಎರಡಕ್ಕೂ ಸೇರಿ ಆರು ಸಾವಿರ ರೂಪಾಯಿ ಮೀರಬಾರದು. ಆನ್‌ಲೈನ್‌ನಲ್ಲಿ ಈ ಬೆಲೆಗೆ ಬೇಕಾದಷ್ಟು ಸಿಗುತ್ತವೆ, ಆದರೆ ಚಿತ್ರ ನೋಡಿ ಯಾವುದು ಹೊಂದುತ್ತದೆ ಎಂದು ಹೇಳುವುದು ಹೇಗೆ? ಬಳಸಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಹರಿಹರದ ಫಿಟ್ಟರ್:

ಸರ್, ಮೊದಲು ಹ್ಯಾಂಡ್‌ಗಾರ್ಡ್ ವಿಷಯ ಮುಗಿಸಿಬಿಡೋಣ, ಏಕೆಂದರೆ ಅದನ್ನು ಕೊಳ್ಳುವ ಅಗತ್ಯವೇ ನಿಮಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನೀವು ಚಿತ್ರದಲ್ಲಿ ನೋಡಿರುವ ಬಗೆಯ ಹ್ಯಾಂಡ್‌ಗಾರ್ಡ್‌ಗಳು ಎಆರ್-15 ಮಾದರಿಯ ರೈಫಲ್‌ಗಳಿಗಾಗಿ ರೂಪುಗೊಂಡವು. ಆ ರೈಫಲ್‌ನಲ್ಲಿ ಬ್ಯಾರಲ್ ಅನ್ನು ರಿಸೀವರ್‌ಗೆ (ರೈಫಲ್‌ನ ನಡುವಿನ ಮುಖ್ಯ ಭಾಗಕ್ಕೆ) ಬಿಗಿಯುವ ಒಂದು ನಟ್ ಇರುತ್ತದೆ. ಒಂದೂಕಾಲು ಇಂಚಿನ, ಇಂಚಿಗೆ 18 ಥ್ರೆಡ್ ಇರುವ ಆ ನಟ್ಟನ್ನೇ ಹ್ಯಾಂಡ್‌ಗಾರ್ಡ್ ಹಿಡಿದುಕೊಳ್ಳುತ್ತದೆ, ಬ್ಯಾರಲ್ ಅನ್ನು ಎಲ್ಲಿಯೂ ಮುಟ್ಟದೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಗುಂಡು ಹಾರಿಸಿದಂತೆಲ್ಲ ಬ್ಯಾರಲ್ ಕಾಯುವುದರಿಂದ ಕೈಗೆ ರಕ್ಷಣೆ ಬೇಕು, ಕೈಯ ಒತ್ತಡ ಬ್ಯಾರಲ್‌ಗೆ ತಾಗಬಾರದು ಎಂಬ ಎರಡು ಕಾರಣಗಳು ಅದರ ಹಿಂದಿವೆ. ನಿಮ್ಮ ಪಿಸಿಪಿಯಲ್ಲಿ ಆ ನಟ್ ಇಲ್ಲ. ಬ್ಯಾರಲ್ ಕಾಯುವುದೂ ಇಲ್ಲ, ಪೆಲೆಟ್ ಅನ್ನು ತಳ್ಳುವುದು ಬರೀ ಗಾಳಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಹೊರಗಿಟ್ಟರೆ ಕೈ ಸುಡುವುದು ಆ ಅಲ್ಯೂಮಿನಿಯಂ ಹ್ಯಾಂಡ್‌ಗಾರ್ಡೇ ಹೊರತು ಬ್ಯಾರಲ್ ಅಲ್ಲ.

ಇನ್ನೊಂದು ಮಾತು, ಇದು ಸುರಕ್ಷತೆಗೆ ಸಂಬಂಧಿಸಿದ್ದು. ನಿಮ್ಮ ರೈಫಲ್‌ನಲ್ಲಿ ಬ್ಯಾರಲ್‌ನ ಕೆಳಗೆ ಗಾಳಿಯ ಸಿಲಿಂಡರ್ ಇರುತ್ತದೆ. ಹ್ಯಾಂಡ್‌ಗಾರ್ಡ್ ಹೊಂದದೆ ಹೋದಾಗ ಜನ ಮಾಡುವ ಮೊದಲ ಕೆಲಸವೆಂದರೆ, ಅದರ ಒಳಭಾಗವನ್ನು ಅರದಿಂದ ಉಜ್ಜಿ, ಕೆಳಗಿನಿಂದ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಹಾಕಿ ಸಿಲಿಂಡರ್‌ಗೆ ಒತ್ತಿ ಬಿಗಿಯುವುದು. ಅದು ಸುಮಾರು 200 ಬಾರ್‌ವರೆಗೆ ಗಾಳಿ ತುಂಬುವ ಪಾತ್ರೆ. ಅದರ ಮೇಲೆ ಸ್ಕ್ರೂವಿನ ಮೊನೆ ಊರಿ ಗುಳಿ ಬೀಳಿಸುವುದಾಗಲಿ, ತೂತು ಕೊರೆಯುವುದಾಗಲಿ ಯಾವ ಕಾರಣಕ್ಕೂ ಕೂಡದು. ಬಿಗಿತವನ್ನು ಹಗುರವಾಗಿಟ್ಟರೂ ಬೇರೊಂದು ತೊಂದರೆ ಇದೆ. ಸಿಲಿಂಡರ್‌ನ ಒತ್ತಡ ಇಳಿದಂತೆ ಅದರ ಅಳತೆ ಕೂದಲೆಳೆಯಷ್ಟು ಬದಲಾಗುತ್ತದೆ. ಸಿಲಿಂಡರನ್ನೂ ಬ್ಯಾರಲನ್ನೂ ಒಂದೇ ಪಟ್ಟಿಯಲ್ಲಿ ಕಟ್ಟಿದರೆ ಆ ಬದಲಾವಣೆ ಬ್ಯಾರಲ್‌ಗೂ ತಲುಪಿ, ಮೊದಲ ಹತ್ತು ಪೆಲೆಟ್ ಒಂದು ಕಡೆ, ಕೊನೆಯ ಹತ್ತು ಪೆಲೆಟ್ ಇನ್ನೊಂದು ಕಡೆ ಬೀಳಬಹುದು. ಹೀಗೆ ಕಟ್ಟಿಕೊಂಡ ಹ್ಯಾಂಡ್‌ಗಾರ್ಡ್ ಮೇಲೆ ಫ್ರಂಟ್ ಸೈಟ್, ರಿಸೀವರ್ ಮೇಲೆ ರೇರ್ ಸೈಟ್ ಇಟ್ಟರೆ, ಎರಡೂ ಒಂದೇ ಗೆರೆಯಲ್ಲಿ ನಿಲ್ಲುತ್ತವೆ ಎಂಬ ಭರವಸೆಯನ್ನು ಯಾರೂ ಕೊಡಲಾರರು.

ವಿದ್ಯಾನಗರದ ಹಳೇ ಕೆಡೆಟ್:

ಫಿಟ್ಟರ್ ಅವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಮುಂಭಾಗದ ಹಿಡಿತವನ್ನು ಪೂರ್ತಿ ತಳ್ಳಿಹಾಕಬಾರದು. ಎನ್‌ಸಿಸಿಯಲ್ಲಿ .22 ರೈಫಲ್‌ನಿಂದ ಮಲಗಿ ಹೊಡೆಯುವಾಗ ಎಡಗೈ ಮುಂದೆ ಎಲ್ಲಿ ಕೂರುತ್ತದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿರುತ್ತಿತ್ತು. ಸರ್ ಅವರಿಗೆ ಒಂದು ಉದ್ದನೆಯ ಹಿಡಿಕೆ ಬೇಕೆನಿಸಿದ್ದರೆ ಅದರಲ್ಲಿ ತಪ್ಪೇನಿದೆ? ಮರದ ಸ್ಟಾಕ್‌ನ ಕೆಳಭಾಗಕ್ಕೆ ಎರಡು ಸ್ಕ್ರೂಗಳಿಂದ ಕೂರುವ ಸಣ್ಣ ಪಾಲಿಮರ್ ರೇಲ್ ತುಂಡುಗಳು ಸಿಗುತ್ತವೆ, ಅವು ಬ್ಯಾರಲ್ಲನ್ನೂ ಮುಟ್ಟುವುದಿಲ್ಲ, ಸಿಲಿಂಡರನ್ನೂ ಮುಟ್ಟುವುದಿಲ್ಲ. ಬೇಕಿದ್ದರೆ ಅದಕ್ಕೆ ಕೈ ಮುಂದೆ ಜಾರದಂತೆ ತಡೆಯುವ ಹ್ಯಾಂಡ್‌ಸ್ಟಾಪ್ ಹಾಕಿಕೊಳ್ಳಬಹುದು.

ಜೋಗಿಮಟ್ಟಿ (ಚಿತ್ರದುರ್ಗ):

ಮಲಗಿ ಹೊಡೆಯುವುದಕ್ಕೆ ಕೆಡೆಟ್ ಅವರ ಮಾತು ಸರಿ. ಆದರೆ 10 ಮೀಟರ್ ಏರ್ ರೈಫಲ್ ಸ್ಪರ್ಧೆ ನಿಂತು ಹೊಡೆಯುವಂಥದ್ದು. ನಿಂತಾಗ ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಿ, ಅಂಗೈಯನ್ನೋ ಮುಷ್ಟಿಯನ್ನೋ ಟ್ರಿಗರ್ ಗಾರ್ಡ್‌ಗೆ ತೀರ ಹತ್ತಿರದಲ್ಲಿ ರೈಫಲ್‌ನ ಕೆಳಗೆ ಇಡುತ್ತಾರೆ. ಮುಂದಿನ ಒಂದಡಿ ಉದ್ದದ ಹ್ಯಾಂಡ್‌ಗಾರ್ಡ್‌ಗೆ ಕೈ ತಲುಪುವುದೇ ಇಲ್ಲ. ಮಗಳ ಕೈ ಗಿಡ್ಡವಾಗಿದ್ದು ರೈಫಲ್ ಕಣ್ಣಿನ ಮಟ್ಟಕ್ಕೆ ಬರುತ್ತಿಲ್ಲವಾದರೆ, ಟ್ರಿಗರ್ ಗಾರ್ಡ್‌ನ ಮುಂದೆ ಸ್ಟಾಕ್‌ನ ಕೆಳಗೆ ಒಂದು ಮರದ ದಿಮ್ಮಿಯನ್ನು ಕೂರಿಸಿ ಎತ್ತರ ಹೆಚ್ಚಿಸಬಹುದು, ಬಡಗಿಯ ಕೂಲಿಯಲ್ಲಿ ಮುಗಿಯುವ ಕೆಲಸ. ಎಷ್ಟು ಎತ್ತರದವರೆಗೆ ಅವಕಾಶವಿದೆ ಎಂದು ಸ್ಪರ್ಧೆಯ ನಿಯಮ ನೋಡಿ ಮಾಡಿಸಿ. ಒಟ್ಟು ತೂಕದ ಮಿತಿ 5.5 ಕೆ.ಜಿ. ಎಂಬುದೂ ನೆನಪಿರಲಿ.

ಇನ್ನು ಸೈಟ್. ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು.

10 ಮೀಟರ್ ರೈಫಲ್ ಗುರಿಕಾಗದದಲ್ಲಿ ಹತ್ತರ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ., ಕಪ್ಪು ವೃತ್ತದ ವ್ಯಾಸ 30.5 ಮಿ.ಮೀ. ಒಂದು ಉಂಗುರದಿಂದ ಮುಂದಿನ ಉಂಗುರಕ್ಕೆ 2.5 ಮಿ.ಮೀ. ದೂರ. ನಿಮ್ಮ ಎರಡು ಸೈಟ್‌ಗಳ ನಡುವೆ 500 ಮಿ.ಮೀ. ಅಂತರವಿದೆ ಎಂದಿಟ್ಟುಕೊಳ್ಳಿ. 10 ಮೀಟರ್ ಎಂದರೆ ಅದರ ಇಪ್ಪತ್ತರಷ್ಟು. ಹಾಗಾಗಿ ರೇರ್ ಸೈಟ್ 0.1 ಮಿ.ಮೀ. ಅಲುಗಿದರೆ ಪೆಲೆಟ್ ಬೀಳುವ ಜಾಗ 2 ಮಿ.ಮೀ. ಸರಿಯುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಅಂಕ ಹೋಯಿತು. ಅಗ್ಗದ ಫ್ಲಿಪ್-ಅಪ್ ಸೈಟ್ ಅನ್ನು ಎತ್ತಿ ನಿಲ್ಲಿಸಿ, ಅದರ ತಲೆಯನ್ನು ಎರಡು ಬೆರಳಿನಿಂದ ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲಗೆ ಒತ್ತಿ ನೋಡಿ. ಮಡಚುವ ಕೀಲಿನ ಪಿನ್ ತೂತಿನೊಳಗೆ ಟಿಕ್ ಟಿಕ್ ಎಂದು ಆಡುವುದು ಬೆರಳಿಗೇ ತಿಳಿಯುತ್ತದೆ. ಆ ಆಟ 0.1 ಮಿ.ಮೀ.ಗಿಂತ ಎಷ್ಟೋ ಹೆಚ್ಚು. 50 ಅಥವಾ 100 ಮೀಟರ್‌ನಲ್ಲಿ ಆಳೆತ್ತರದ ಗುರಿಗೆ ಹೊಡೆಯುವವರಿಗೆ ಅದು ಲೆಕ್ಕಕ್ಕೆ ಬಾರದಿರಬಹುದು, ನಿಮಗೆ ಅದೇ ಮುಖ್ಯ. ಮಡಚಿ ಮತ್ತೆ ಎತ್ತಿದಾಗ ಮೊದಲಿದ್ದ ಜಾಗಕ್ಕೇ ಬಾರದ ಸೈಟ್ ಅನ್ನು ಬ್ಯಾಕಪ್ ಎಂದು ಕರೆಯುವುದು ನನಗಂತೂ ಒಪ್ಪಿತವಲ್ಲ.

ಎತ್ತರದ ಸಮಸ್ಯೆ ಇದಕ್ಕಿಂತ ದೊಡ್ಡದು. ಎಆರ್ ಮಾದರಿಗಾಗಿ ಮಾಡಿದ ಸೈಟ್‌ಗಳ ದೃಷ್ಟಿರೇಖೆ ರೇಲ್‌ನ ಮೇಲೆ ಸುಮಾರು 36 ಮಿ.ಮೀ. ಎತ್ತರದಲ್ಲಿರುತ್ತದೆ. ಆ ರೈಫಲ್‌ನ ಬಟ್ ನೇರವಾಗಿ ಬ್ಯಾರಲ್‌ನ ಗೆರೆಯಲ್ಲೇ ಇರುವುದರಿಂದ ಅಲ್ಲಿ ಅಷ್ಟು ಎತ್ತರ ಬೇಕು. ನಿಮ್ಮ ಮರದ ಸ್ಟಾಕ್‌ನಲ್ಲಿ ಕೆನ್ನೆ ಕೂರುವ ಭಾಗ ತಗ್ಗಿನಲ್ಲಿದೆ. ಅದರ ಮೇಲೆ ಈ ಸೈಟ್ ಹಾಕಿದರೆ ಕೆನ್ನೆಯನ್ನು ಸ್ಟಾಕ್‌ನಿಂದ ಎತ್ತಿ, ಕುತ್ತಿಗೆ ಚಾಚಿ ನೋಡಬೇಕಾಗುತ್ತದೆ. ಮಗು ಕಲಿಯುವ ಮೊದಲ ತಿಂಗಳಲ್ಲೇ ಆ ಭಂಗಿ ಅಭ್ಯಾಸವಾದರೆ ಬಿಡಿಸುವುದು ಬಹಳ ಕಷ್ಟ.

ಆದ್ದರಿಂದ ನನ್ನ ಸಲಹೆ: ಹ್ಯಾಂಡ್‌ಗಾರ್ಡ್‌ಗೆ ತೆಗೆದಿಟ್ಟ ಹಣವನ್ನೂ ಸೇರಿಸಿ, ರಿಸೀವರ್ ಮೇಲಿನ 11 ಮಿ.ಮೀ. ಡವ್‌ಟೇಲ್‌ಗೆ (ಸ್ಕೋಪ್ ಅಥವಾ ಸೈಟ್ ಕಚ್ಚಿಸುವ ಹಳಿಗೆ) ನೇರವಾಗಿ ಕೂರುವ ಒಂದು ಒಳ್ಳೆಯ ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ಗುರಿ ನೋಡುವ ರೇರ್ ಸೈಟ್) ಕೊಳ್ಳಿ. ಬೇಕಿದ್ದರೆ ಬಳಸಿದ್ದನ್ನೇ ಕೊಳ್ಳಿ. ಕ್ಲಬ್ಬುಗಳಲ್ಲಿ ಮೇಲಿನ ದರ್ಜೆಯ ರೈಫಲ್‌ಗೆ ಹೋದ ಹುಡುಗರು ತಮ್ಮ ಹಳೆಯ ಸೈಟ್ ಮಾರುವುದುಂಟು. ಆದರೆ ನಮ್ಮಲ್ಲಿ ಪೀಪ್ ಸೈಟ್ ವಿಭಾಗ ಬೇರೆ, ಓಪನ್ ಸೈಟ್ (ತೂತಿನ ಬದಲು ಮೇಲೆ ತೆರೆದ ಸೀಳಿರುವ ಸೈಟ್) ವಿಭಾಗ ಬೇರೆ. ಮಗಳು ಯಾವುದಕ್ಕೆ ಹೆಸರು ಕೊಡುತ್ತಾಳೆ ಎಂಬುದನ್ನು ತೀರ್ಮಾನಿಸಿ, ಸ್ಪರ್ಧೆಯ ಸುತ್ತೋಲೆ ಓದಿದ ಮೇಲೆ ಹಣ ಬಿಚ್ಚಿ. ಸ್ಕೋಪ್‌ಗೆ ಮಾತ್ರ ಎರಡರಲ್ಲೂ ಜಾಗವಿಲ್ಲ.

ಬಾತಿಗುಡ್ಡ (ದಾವಣಗೆರೆ):

ಇಷ್ಟು ವಿವರವಾಗಿ ಬರೆದುದಕ್ಕೆ ಎಲ್ಲರಿಗೂ ಧನ್ಯವಾದಗಳು. ಹ್ಯಾಂಡ್‌ಗಾರ್ಡ್ ಆಸೆ ಬಿಟ್ಟೆ. ಮಗಳು ಪೀಪ್ ಸೈಟ್ ವಿಭಾಗಕ್ಕೇ ಹೋಗುತ್ತಾಳೆ. ಈಗ ಉಳಿದಿರುವ ಸಂದೇಹಗಳು ಎರಡು. ಸ್ಕೋಪ್ ಕೂಡ ಅದೇ ಡವ್‌ಟೇಲ್ ಮೇಲೆ ಇರುವುದರಿಂದ ಪ್ರತಿ ಸಲ ಬಿಚ್ಚಿ ಹಾಕಬೇಕೇ? ಮತ್ತು ನನ್ನ ಬ್ಯಾರಲ್ ತುದಿ ಬರೀ ದುಂಡಗಿದೆ, ಫ್ರಂಟ್ ಸೈಟ್ ಕೂರಿಸಲು ಕೊರೆದ ತೋಡೂ ಇಲ್ಲ, ಸ್ಕ್ರೂ ತೂತೂ ಇಲ್ಲ. ಏನು ಮಾಡಬೇಕು?

ಜೋಗಿಮಟ್ಟಿ (ಚಿತ್ರದುರ್ಗ):

ಬಿಚ್ಚಲೇಬೇಕು. ಪಿಕಟಿನಿ ಅಡಾಪ್ಟರ್ ಹಾಕಿ ಎರಡನ್ನೂ ಒಟ್ಟಿಗೆ ಇಡುವ ಉಪಾಯವನ್ನು ಯಾರಾದರೂ ಹೇಳಿಯಾರು. ಅದರಿಂದ ಎತ್ತರ ಮತ್ತೆ ಏರುತ್ತದೆ, ಸಡಿಲವಾಗಬಲ್ಲ ಇನ್ನೊಂದು ಜಾಗ ಹುಟ್ಟಿಕೊಳ್ಳುತ್ತದೆ. ಪೀಪ್ ಸೈಟ್ ಅನ್ನು ಅಭ್ಯಾಸದುದ್ದಕ್ಕೂ ಹಾಗೆಯೇ ಬಿಟ್ಟು, ಸ್ಕೋಪ್ ಅನ್ನು ಪೆಟ್ಟಿಗೆಯಲ್ಲಿಡಿ. ಮತ್ತೆ ಸ್ಕೋಪ್ ಹಾಕುವ ದಿನ ಐದು ಪೆಲೆಟ್ ಹೊಡೆದು ಗುಂಪು ಎಲ್ಲಿ ಬೀಳುತ್ತದೆಂದು ನೋಡಿಯೇ ಮುಂದುವರಿಯಬೇಕು.

ಮಸುಕಿನ ಬಗ್ಗೆ ಹೇಳುವುದಾದರೆ ಸ್ಕೋಪ್ ಕೆಟ್ಟಿಲ್ಲ. ಇಂಥ 3-9×40 ಸ್ಕೋಪ್‌ಗಳಲ್ಲಿ ಹೆಚ್ಚಿನವು 100 ಗಜಕ್ಕೆ ಹೊಂದಿಸಿ ಬರುತ್ತವೆ, 10 ಮೀಟರ್ ಅವಕ್ಕೆ ಮೂಗಿನ ತುದಿಯಷ್ಟು ಹತ್ತಿರ. ವರ್ಧನೆಯನ್ನು 3ಕ್ಕೆ ಇಳಿಸಿದರೆ ಸಾಕಷ್ಟು ತಿಳಿಯಾಗುತ್ತದೆ. ಮುಂದೆ ಬದಲಿಸುವುದಾದರೆ 10 ಗಜದವರೆಗೆ ಫೋಕಸ್ ಆಗುವ, ಮುಂದಿನ ಉಂಗುರ ತಿರುಗುವ ಮಾದರಿಯನ್ನು ಕೇಳಿ.

ಫ್ರಂಟ್ ಸೈಟ್‌ನ ಕೊಳವೆಯೊಳಗೆ ಹಾಕುವ, ಗುರಿಯ ಕಪ್ಪನ್ನು ನಡುವೆ ತಂದು ನೋಡುವ ಉಂಗುರದ ಅಳತೆಯನ್ನೂ ಈಗಲೇ ಹೇಳಿಬಿಡುತ್ತೇನೆ. ಕಣ್ಣಿನಿಂದ ಫ್ರಂಟ್ ಸೈಟ್‌ಗೆ 800 ಮಿ.ಮೀ. ಇದ್ದರೆ, 10 ಮೀಟರ್ ಆಚೆಯ 30.5 ಮಿ.ಮೀ. ಕಪ್ಪು ವೃತ್ತ ಅಲ್ಲಿ ಸುಮಾರು 2.4 ಮಿ.ಮೀ. ಅಗಲವಾಗಿ ಕಾಣುತ್ತದೆ. ಉಂಗುರ ಅದಕ್ಕಿಂತ ದೊಡ್ಡದಾಗಿರಬೇಕು, ಕಪ್ಪಿನ ಸುತ್ತ ಬಿಳಿಯ ಪಟ್ಟಿ ಸ್ಪಷ್ಟವಾಗಿ ಕಾಣಬೇಕು. ಹೊಸಬರಿಗೆ 4 ಮಿ.ಮೀ. ಆಸುಪಾಸು ಕೊಡಿ. ಉಂಗುರ ಬಿಗಿಯಾದಷ್ಟೂ ಗುರಿ ಚೆನ್ನಾಗುತ್ತದೆಂದು ತಿಳಿದು ತೀರ ಚಿಕ್ಕದನ್ನು ಹಾಕಿಕೊಂಡ ಮಕ್ಕಳು, ಕಪ್ಪು ಅಂಚಿಗೆ ತಾಗಿದಂತೆ ಕಾಣುತ್ತಲೇ ಗಾಬರಿಯಿಂದ ಟ್ರಿಗರ್ ಎಳೆದುಬಿಡುತ್ತಾರೆ.

ನಿಮಗೆ ಒಳಾಂಗಣವಿರುವುದು ಪುಣ್ಯ. ನಮ್ಮ ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಅರ್ಧ ಗ್ರಾಂ ತೂಕದ ಪೆಲೆಟ್‌ಗೆ ಆ ಗಾಳಿ ಆಗಿಬರುವುದಿಲ್ಲ.

ಹರಿಹರದ ಫಿಟ್ಟರ್:

ಫ್ರಂಟ್ ಸೈಟ್‌ಗೆ ದುಂಡು ಬ್ಯಾರಲ್ ಮೇಲೆ ಕೂರುವ ಕ್ಲ್ಯಾಂಪ್ ಬೇಕು. ತಯಾರಾದದ್ದು ಸಿಗದಿದ್ದರೆ ದಾವಣಗೆರೆಯಲ್ಲಿ ಯಾವ ಲೇಥ್ ಶಾಪಿನವರಾದರೂ ಅಲ್ಯೂಮಿನಿಯಂ ತುಂಡಿನಿಂದ ಮಾಡಿಕೊಡುತ್ತಾರೆ. ಮೊದಲು ವರ್ನಿಯರ್‌ನಿಂದ ಬ್ಯಾರಲ್‌ನ ಹೊರ ವ್ಯಾಸವನ್ನು ಮೂರು ಕಡೆ ಅಳೆಯಿರಿ. ನಿಮಗೆ ಕಾಣುತ್ತಿರುವುದು ಬ್ಯಾರಲ್ಲೇ ಅಥವಾ ಅದರ ಮೇಲಿನ ತೆಳು ಕೊಳವೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಹಲವು ಪಿಸಿಪಿಗಳಲ್ಲಿ ಹೊರಗೆ ಕಾಣುವುದು ಥ್ರೆಡ್‌ನಿಂದ ತಿರುಚಿ ಕೂರಿಸಿದ ಹೊದಿಕೆ. ಅದು ಸಡಿಲವಾಗಿ ತಿರುಗಿದರೆ ಫ್ರಂಟ್ ಸೈಟ್ ಕೂಡ ಅದರೊಂದಿಗೆ ವಾಲುತ್ತದೆ.

ವಾಲುವುದರ ಪರಿಣಾಮ ಸಣ್ಣದಲ್ಲ. ಬ್ಯಾರಲ್‌ನ ನಡುವಿನಿಂದ ಸೈಟ್ 40 ಮಿ.ಮೀ. ಎತ್ತರದಲ್ಲಿದ್ದು, ಕ್ಲ್ಯಾಂಪ್ ಎರಡು ಡಿಗ್ರಿ ವಾಲಿದರೆ ಸೈಟ್ ಸುಮಾರು 1.4 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಜೋಗಿಮಟ್ಟಿಯವರ ಇಪ್ಪತ್ತರ ಲೆಕ್ಕದಲ್ಲಿ ಗುರಿಯ ಮೇಲೆ 28 ಮಿ.ಮೀ. ಆಯಿತು. ರೇರ್ ಸೈಟ್ ತಿರುಗಿಸಿ ಸರಿಪಡಿಸಬಹುದು, ಆದರೆ ಅದರ ಸ್ಕ್ರೂ ಒಂದು ಕಡೆಯ ಕೊನೆಗೇ ಹೋಗಿ ನಿಲ್ಲುತ್ತದೆ. ಹಾಗಾಗದಂತೆ, ಗೋದಾಮಿನ ಆಚೆ ತುದಿಯಲ್ಲಿ ಗಾರೆ ಕೆಲಸದವರ ತೂಕದ ಗುಂಡನ್ನು ದಾರಕ್ಕೆ ಕಟ್ಟಿ ಇಳಿಬಿಡಿ. ರೈಫಲ್ ಅನ್ನು ಮರಳಿನ ಚೀಲದ ಮೇಲಿಟ್ಟು, ಡವ್‌ಟೇಲ್‌ನ ಮೇಲೆ ಸಣ್ಣ ಸ್ಪಿರಿಟ್ ಲೆವೆಲ್ ಅಡ್ಡಲಾಗಿ ಇಟ್ಟು ಸಮ ಮಾಡಿದ ನಂತರ, ಫ್ರಂಟ್ ಸೈಟ್‌ನ ಕಂಬ ದಾರಕ್ಕೆ ಸಮಾನಾಂತರವಾಗಿ ಕಾಣುವವರೆಗೆ ಕ್ಲ್ಯಾಂಪ್ ತಿರುಗಿಸಿ ಬಿಗಿಯಿರಿ.

ಕ್ಲ್ಯಾಂಪ್‌ಗೆ ಒಂದು ಸ್ಕ್ರೂ ಸಾಲದು, ಎರಡು ಇರಲಿ. ಹಾಗೆಂದು ಬಲ ಹಾಕಿ ಬಿಗಿಯಬಾರದು, ತೆಳು ಬ್ಯಾರಲ್ ಅಮುಕಿದರೆ ಒಳಗಿನ ಅಳತೆಯೇ ಕೆಡುತ್ತದೆ. ಎಣ್ಣೆ ಒರೆಸಿ, ಸ್ಕ್ರೂಗಳಿಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ, ಅಲೆನ್ ಕೀಯ ಗಿಡ್ಡ ಕಡೆಯನ್ನು ಹಿಡಿದು ಬಿಗಿಯುವಷ್ಟು ಸಾಕು. ಆಮೇಲೆ ಕ್ಲ್ಯಾಂಪ್‌ನಿಂದ ಬ್ಯಾರಲ್‌ವರೆಗೆ ಬಿಳಿ ಪೇಂಟ್‌ನ ಸಣ್ಣ ಗೆರೆ ಎಳೆಯಿರಿ, ಗೆರೆ ಒಡೆದು ಕಂಡರೆ ಸೈಟ್ ಜರುಗಿದೆ ಎಂದು ತಿಳಿಯುತ್ತದೆ.

ಲೇಥ್‌ನವರು ಉಮೇದಿನಲ್ಲಿ ವಾಲ್ವ್ ಬಿಚ್ಚಿ ಪವರ್ ಹೆಚ್ಚಿಸಿಕೊಡುತ್ತೇನೆಂದರೆ ಬೇಡವೆನ್ನಿ. 2016ರ ಆಯುಧ ನಿಯಮಗಳ ಪ್ರಕಾರ ಪೆಲೆಟ್‌ನ ಶಕ್ತಿ 20 ಜೂಲ್ ದಾಟಿದ ಏರ್ ರೈಫಲ್‌ಗೆ ಪರವಾನಗಿ ಬೇಕಾಗುತ್ತದೆ, 10 ಮೀಟರ್‌ಗೆ ಅದರ ಅಗತ್ಯವೂ ಇಲ್ಲ. ಸಾಧ್ಯವಾದರೆ ರೈಫಲ್ ಅನ್ನೇ ಒಯ್ಯಬೇಡಿ, ಅಳತೆ ಬರೆದ ಚೀಟಿ ಕೊಟ್ಟರೆ ಸಾಕು. ಒಯ್ಯಲೇಬೇಕಾದರೆ ಸಿಲಿಂಡರ್‌ನ ಗಾಳಿಯನ್ನು ಪೂರ್ತಿ ಖಾಲಿ ಮಾಡಿ, ಮೀಟರ್‌ನ ಮುಳ್ಳು ಸೊನ್ನೆಗೆ ಬಂದುದನ್ನು ನೋಡಿದ ಮೇಲೆಯೇ ಅವರ ಕೈಗೆ ಕೊಡಿ.