ಅಪ್ಪನಿಗೆ ಇನ್ಸುಲಿನ್ ಚುಚ್ಚಬೇಕು, ಸೂಜಿ ಕಂಡರೆ ನನಗೆ ಕಣ್ಣು ಕತ್ತಲೆ

ಪಾಂಡವಪುರದ ಹುಡುಗ:
ನಮಸ್ಕಾರ. ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ, ಕಬ್ಬು ಬೆಳೆಯುವ ಮನೆ. ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ಇಲ್ಲ. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು, ಈಗ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಪೆನ್. ಅವ್ವನಿಗೆ ಕಣ್ಣಿನ ಪೊರೆ, ಪೆನ್ನಿನ ಮೇಲಿನ ನಂಬರ್ ಕಾಣಿಸುವುದಿಲ್ಲ. ಬಾಣಂತನಕ್ಕೆ ಬಂದ ಅಕ್ಕನೇ ಇಷ್ಟು ದಿನ ಚುಚ್ಚುತ್ತಿದ್ದಳು. ಇನ್ನು ಮೂರು ವಾರಕ್ಕೆ ಮಗು ಎತ್ತಿಕೊಂಡು ಹುಣಸೂರಿಗೆ ಹೊರಡುತ್ತಾಳೆ. ಉಳಿಯುವವನು ನಾನೊಬ್ಬನೇ.

ನನಗೆ ಸೂಜಿ ಆಗುವುದಿಲ್ಲ. ಎಂಟನೇ ಕ್ಲಾಸಿನಲ್ಲಿದ್ದಾಗ ಮಚ್ಚು ತಾಗಿ ಮೊಣಕಾಲಿಗೆ ಏಳು ಹೊಲಿಗೆ ಬಿತ್ತು. ಅಂದಿನಿಂದ ಸ್ಪಿರಿಟ್ ವಾಸನೆ ಬಂದರೆ ಸಾಕು, ಮೊದಲು ಆಕಳಿಕೆ. ಆಮೇಲೆ ಕಿವಿ ಗುಯ್ ಅನ್ನುತ್ತದೆ, ಅಂಗೈ ತಣ್ಣಗೆ ಬೆವರುತ್ತದೆ. ಕಣ್ಣು ಬಿಟ್ಟಾಗ ನೆಲದ ಮೇಲೆ ಇರುತ್ತೇನೆ. 2021ರಲ್ಲಿ ಕೊರೋನಾ ಲಸಿಕೆಯ ಸಾಲಿನಲ್ಲಿ ನನ್ನ ಸರದಿ ಬರುವ ಮುಂಚೆಯೇ ಬಿದ್ದೆ. 'ಗಂಡಸಾಗಿ ಸೂಜಿಗೆ ಹೆದರ್ತೀಯಾ' ಅಂದರು. ರಾತ್ರಿ ಒಬ್ಬನೇ ಗದ್ದೆಗೆ ನೀರು ಕಟ್ಟಲು ಹೋಗುತ್ತೇನೆ, ಹಾವು ಚೇಳಿಗೆ ಹೆದರಿದವನಲ್ಲ. ಇದೊಂದು ಮಾತ್ರ ನನ್ನ ಕೈಲಿಲ್ಲ.

ಮೊನ್ನೆ ಕಲಿಸಿಕೊಡೋಣ ಅಂತ ಅಕ್ಕ ಪಕ್ಕದಲ್ಲಿ ಕೂರಿಸಿಕೊಂಡಳು. ಯಾರೋ ಹೇಳಿದ ಹಾಗೆ ಉದ್ದ ಉಸಿರು ಎಳೆದು ಮೈ ಸಡಿಲ ಬಿಟ್ಟೆ. ಇನ್ನೂ ಬೇಗ ಬಿದ್ದೆ, ತಲೆ ಮಂಚದ ಕಾಲಿಗೆ ತಗುಲಿತು. ಅಪ್ಪ ಅತ್ತುಬಿಟ್ಟರು. ದಾರಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಸರಸ್ವತಿಪುರಂ ಗೃಹಿಣಿ:
ನನಗೂ ಇದೇ ಇತ್ತು. ಬಸುರಿಯಾಗಿದ್ದಾಗ ರಕ್ತ ಪರೀಕ್ಷೆಗೆ ಅಂತ ಎರಡು ಸಲ ಲ್ಯಾಬಿನ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದೆ. ಆಮೇಲೆ ಇಲ್ಲೇ ಮೈಸೂರಿನಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋದೆ. ಅವರು ಹೇಳಿದ ಮೇಲೆ ನನ್ನ ತಪ್ಪಲ್ಲ ಅಂತ ಗೊತ್ತಾಯಿತು.

ಬೇರೆ ಭಯಗಳಲ್ಲಿ ಬಿ.ಪಿ. ಏರುತ್ತದೆ, ಎಚ್ಚರ ತಪ್ಪುವುದು ಅಪರೂಪ. ರಕ್ತ, ಸೂಜಿಯ ಭಯದಲ್ಲಿ ಮೊದಲು ಏರಿ, ಆಮೇಲೆ ದಿಢೀರ್ ಅಂತ ಇಳಿಯುತ್ತದೆ. ತಲೆಗೆ ರಕ್ತ ಸಾಲದೆ ಬೀಳುತ್ತೇವೆ. ಸಡಿಲ ಬಿಟ್ಟಾಗ ನೀವು ಬೇಗ ಬಿದ್ದಿದ್ದು ಅದಕ್ಕೇ. ನೀವು ಮೈ ಬಿಗಿಯಬೇಕು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ ಎನ್ನುವವರು 1980ರ ದಶಕದಲ್ಲಿ ಈ ಅಭ್ಯಾಸವನ್ನು ರೂಪಿಸಿದರು.

ಕೂತು ಮುಷ್ಟಿ, ತೋಳು, ಹೊಟ್ಟೆ, ತೊಡೆ ಎಲ್ಲ ಒಟ್ಟಿಗೆ ಬಿಗಿ ಹಿಡಿಯಿರಿ. ಮುಖ ಬಿಸಿಯಾಗುವ ತನಕ, 10ರಿಂದ 15 ಸೆಕೆಂಡ್. ಉಸಿರು ಕಟ್ಟಬೇಡಿ. ಆಮೇಲೆ ಮಾಮೂಲಿಗೆ ಬನ್ನಿ, ಪೂರ್ತಿ ಸಡಿಲ ಬೇಡ. ಅರ್ಧ ನಿಮಿಷ ಬಿಟ್ಟು ಮತ್ತೆ. ಹೀಗೆ ಐದು ಸಲ. ಸೂಜಿ ಇಲ್ಲದಾಗಲೇ ದಿನಾ ಮಾಡಿ ರೂಢಿಯಾಗಲಿ. ಆಕಳಿಕೆ ಬಂತಾ, ತಕ್ಷಣ ಬಿಗಿಯಿರಿ. ಬಿ.ಪಿ. ಅಥವಾ ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬಾರದು. ಇದು ಮನೆತನದಲ್ಲೂ ಬರುತ್ತದಂತೆ, ನಿಮ್ಮಲ್ಲಿ ಯಾರಿಗಾದರೂ ಇತ್ತಾ?

ನಿವೃತ್ತ ಸಿಸ್ಟರ್, ಮಂಡ್ಯ:
ಮಗಾ, ಮೇಲೆ ಹೇಳಿದ್ದು ಸರಿ. ಅದರ ಜೊತೆ ಮೆಟ್ಟಿಲು ಹತ್ತಿದ ಹಾಗೆ ಹೋಗು. ಮೊದಲು ಕ್ಯಾಪ್ ಹಾಕಿದ ಪೆನ್ ಬರೀ ಕೈಯಲ್ಲಿ ಹಿಡಿದು ಕೂತುಕೋ. ಆಮೇಲೆ ಸೂಜಿ ಸಿಕ್ಕಿಸಿ ನೋಡು. ಆಮೇಲೆ ಒಂದು ಮೂಸಂಬಿಗೆ ಚುಚ್ಚು, ಆ ಸೂಜಿ ಅಪ್ಪನಿಗೆ ಬೇಡ. ಆಮೇಲೆ ಅಕ್ಕ ಚುಚ್ಚುವುದನ್ನು ಕಣ್ಣು ತೆಗೆಯದೆ ನೋಡು. ಭಯ ಇಳಿಯುವ ತನಕ ಜಾಗ ಬಿಡಬೇಡ. ನಡುವೆ ಎದ್ದು ಹೋದರೆ ಭಯಕ್ಕೆ ಮೇವು ಹಾಕಿದ ಹಾಗೆ. ಗೋಡೆಗೆ ಒರಗಿ ಚಾಪೆ ಮೇಲೆ ಕೂತು ಮಾಡು, ಬಿದ್ದರೂ ಏಟಾಗುವುದಿಲ್ಲ.

ಪೆನ್ನಿನ ಸೂಜಿ 4 ಮಿಲಿಮೀಟರಿನದೂ ಸಿಗುತ್ತದೆ, ಎಳ್ಳಿನ ಕಾಳಿಗಿಂತ ಒಂಚೂರು ಉದ್ದ. ಆಗಲೇ ಇಲ್ಲ ಅಂದರೆ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪಾಂಡವಪುರದ ಹುಡುಗ:
ಹದಿನೆಂಟು ದಿನ ಆಯಿತು. ಮನೆತನದ ಮಾತು ಅಪ್ಪನ ಹತ್ತಿರ ಕೇಳಿದೆ. ಮನೆಯಲ್ಲಿ ಕೋಳಿ ಕುಯ್ಯುವ ದಿನ ನಮ್ಮಜ್ಜಿ ಪಕ್ಕದ ಮನೆಗೆ ಹೋಗಿ ಕೂತುಬಿಡುತ್ತಿದ್ದಳಂತೆ. ಒಂದು ಸಲ ನೋಡಿ ಬಿದ್ದಿದ್ದಳಂತೆ. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಮೂಸಂಬಿ ಒಂಬತ್ತು ಹಾಳಾದವು. ಪೆನ್ ಹಿಡಿದ ಮೂರನೇ ದಿನ ಆಕಳಿಕೆ ಬಂತು, ಬಿಗಿದೆ. ಕಿವಿ ಗುಯ್ ಅನ್ನಲೇ ಇಲ್ಲ. ಅದು ನನಗೆ ದೊಡ್ಡದು. ಅಕ್ಕ ಚುಚ್ಚುವಾಗ ಎರಡು ಸಲ ಬೆವರಿದೆ, ಬೀಳಲಿಲ್ಲ. ನಿನ್ನೆ ರಾತ್ರಿ ನಾನೇ ಕೊಟ್ಟೆ. ತೊಡೆ, ಹೊಟ್ಟೆ ಬಿಗಿದೇ ಇದ್ದೆ, ಕೈ ಮಾತ್ರ ಹಗುರ ಬಿಟ್ಟೆ. ಹೊಕ್ಕುಳಿಂದ ಮೂರು ಬೆರಳು ಆಚೆ, ಎಡಗಡೆ. ಗುಂಡಿ ಒತ್ತಿ ಹತ್ತು ಎಣಿಸಬೇಕು ಅಂತ ಅಕ್ಕ ಹೇಳಿದ್ದಳು, ಅಪ್ಪ ನನ್ನ ಜೊತೆ ಜೋರಾಗಿ ಎಣಿಸಿದರು. ಸೂಜಿ ತೆಗೆದಾಗ ತುದಿಯಲ್ಲಿ ಒಂದು ಹನಿ ನಿಂತಿತ್ತು. ಔಷಧಿ ಪೂರ್ತಿ ಹೋಗಿಲ್ಲವಾ ಸಿಸ್ಟರ್?

ನಿವೃತ್ತ ಸಿಸ್ಟರ್, ಮಂಡ್ಯ:
ಒಂದು ಹನಿ ನಿಂತರೆ ತೊಂದರೆ ಇಲ್ಲ ಮಗಾ, ಇನ್ನೊಂದು ಸಲ ಕೊಡಬೇಡ. ಪ್ರತಿ ಸಲ ಹೊಸ ಸೂಜಿ ಹಾಕಿ, ಮೊದಲು 2 ಯೂನಿಟ್ ಹೊರಗೆ ಬಿಟ್ಟು ನೋಡು. ನಾಳೆ ಬಲಗಡೆ ಕೊಡು.